ಕಡ್ಡಿ ಫುಲ್, ನೆಟ್ ಇಲ್ಲ

ವಿಜಯದಶಮಿಯ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಟ್ಟಡಗಳ ಸಜ್ಜೆ, ತಾರಸಿ, ಮರದ ಕೊಂಬೆಗಳ ಮೇಲೂ ಜನ. ಅಂಬಾರಿ ಹೊತ್ತ ಆನೆ ಎದುರಿಗೆ ಬರುತ್ತಿದ್ದಂತೆ ಸಾವಿರಾರು ಫೋನುಗಳು ಒಟ್ಟಿಗೇ ಮೇಲೇಳುತ್ತವೆ. ಬರಲಾಗದೆ ಮನೆಯಲ್ಲೇ ಉಳಿದ ಅಜ್ಜಿಗೆ, ದೂರದೂರಿನ ತಂಗಿಗೆ ವಿಡಿಯೊ ಕಳಿಸುವ ಆಸೆ ಎಲ್ಲರಿಗೂ. ಪರದೆಯ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ತುಂಬಿವೆ. ವಿಡಿಯೊ ಮಾತ್ರ ಹೋಗುವುದಿಲ್ಲ. ಚಕ್ರ ಸುತ್ತುತ್ತಲೇ ಇರುತ್ತದೆ.

ಇದಕ್ಕೆ ದಸರೆಯೇ ಆಗಬೇಕೆಂದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯ, ಬಸವನಗುಡಿಯ ಕಡಲೆಕಾಯಿ ಪರಿಷೆ, ಧರ್ಮಸ್ಥಳದ ಲಕ್ಷದೀಪೋತ್ಸವ, ಎಲ್ಲಿ ನೋಡಿದರೂ ಇದೇ ಕಥೆ. ರಾತ್ರಿ ಎಂಟೂವರೆಗೆ ಸ್ವಂತ ಮನೆಯ ಹಜಾರದಲ್ಲೂ ಆಗುವುದುಂಟು. ಕೂಡಲೇ ವಾದ ಶುರು. ಒಬ್ಬರು ಫೋನ್ ಹಳೆಯದಾಯಿತು ಅನ್ನುತ್ತಾರೆ, ಇನ್ನೊಬ್ಬರು ಸಿಮ್ ಪೋರ್ಟ್ ಮಾಡಿಸು ಅನ್ನುತ್ತಾರೆ, ಮತ್ತೊಬ್ಬರಿಗೆ ಕಂಪನಿಯವರು ಬೇಕೆಂದೇ ಸ್ಪೀಡ್ ಇಳಿಸುತ್ತಾರೆಂಬ ಅನುಮಾನ. 'ಟವರ್ ಫುಲ್ ಇದೆಯಲ್ಲ, ಮತ್ತೇಕೆ ನೆಟ್ ಬರುತ್ತಿಲ್ಲ?' ಎಂಬ ಮೂಲ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ.

ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಆ ಕಡ್ಡಿಗಳು ಏನನ್ನು ಅಳೆಯುತ್ತವೆ ಎಂದು ನೋಡಬೇಕು.

ಟವರಿನ ದನಿ ಎಷ್ಟು ಜೋರು?

ಪ್ರತಿಯೊಂದು ಮೊಬೈಲ್ ಟವರೂ ಹಗಲು ರಾತ್ರಿ ಒಂದು ಗುರುತಿನ ಸಂಕೇತವನ್ನು ಬಿತ್ತರಿಸುತ್ತಿರುತ್ತದೆ. ಸುತ್ತ ಒಂದೇ ಒಂದು ಫೋನ್ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ನಾನು ಇಂಥ ಕಂಪನಿಯ ಇಂಥ ಟವರ್, ಇಲ್ಲಿದ್ದೇನೆ ಎಂಬಷ್ಟೇ ಅದರ ಸಾರ. 4ಜಿಯಲ್ಲಿ ಈ ಸಂಕೇತ ಎಡೆಬಿಡದೆ ಹೊರಡುತ್ತದೆ; 5ಜಿಯಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ. ಫೋನ್ ಮಾಡುವುದಿಷ್ಟೇ: ಈ ಸಂಕೇತ ತನ್ನ ಆಂಟೆನಾಗೆ ಎಷ್ಟು ಬಲವಾಗಿ ತಲುಪಿತು ಎಂದು ಅಳೆದು, ಅದಕ್ಕೆ ತಕ್ಕಷ್ಟು ಕಡ್ಡಿಗಳನ್ನು ಮೂಲೆಯಲ್ಲಿ ಮೂಡಿಸುತ್ತದೆ.

ಬಹುತೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು, ಅದರೊಳಗಿನ 'ಸಿಮ್ ಸ್ಟೇಟಸ್' ನೋಡಿದರೆ ಕಡ್ಡಿಯ ಹಿಂದಿನ ಅಸಲಿ ಅಂಕಿ ಸಿಗುತ್ತದೆ. ಐಫೋನಿನಲ್ಲಿ *3001#12345#* ಎಂದು ಡಯಲ್ ಮಾಡಬೇಕು. ‑97 ಡಿಬಿಎಂ ಎಂಬಂಥ ಒಂದು ಋಣ ಸಂಖ್ಯೆ ಕಾಣಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಂಕೇತ ಬಲವಾಗಿದೆ ಎಂದರ್ಥ. ಈ ಅಳತೆಯಲ್ಲಿ 10 ಅಂಕ ಕೆಳಗಿಳಿದರೆ ಬಲ ಹತ್ತನೇ ಒಂದು ಪಾಲಾಗುತ್ತದೆ, 30 ಇಳಿದರೆ ಸಾವಿರದ ಒಂದು ಪಾಲು. ‑100 ಅಂದರೆ ಒಂದು ವ್ಯಾಟ್ ವಿದ್ಯುತ್ತನ್ನು ಹತ್ತು ಲಕ್ಷ ಕೋಟಿ ಭಾಗ ಮಾಡಿದಾಗ ಸಿಗುವ ಒಂದು ಭಾಗ. ಇಷ್ಟು ಕ್ಷೀಣ ತರಂಗದಿಂದಲೂ ಮಾತು, ಹಾಡು, ಸಿನಿಮಾ ಹೆಕ್ಕಿ ಕೊಡುವ ಯಂತ್ರ ನಮ್ಮ ಅಂಗಿ ಜೇಬಿನಲ್ಲಿ ಕೂತಿದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ಈ ಅಂಕಿಯನ್ನು ಕಡ್ಡಿಯಾಗಿಸುವಲ್ಲಿ ಮೊದಲ ಗೊಂದಲವಿದೆ. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಎಂದು ಜಗತ್ತಿಗೆಲ್ಲ ಅನ್ವಯವಾಗುವ ಒಂದು ನಿಯಮ ಇಲ್ಲ. ಫೋನ್ ತಯಾರಕರೂ ನೆಟ್‌ವರ್ಕ್ ಕಂಪನಿಗಳೂ ತಮತಮಗೆ ಸರಿಕಂಡಂತೆ ಗೆರೆ ಎಳೆದುಕೊಂಡಿದ್ದಾರೆ. 2010ರ ಜೂನ್‌ನಲ್ಲಿ ಐಫೋನ್ 4 ಬಂದಾಗ, ಅದನ್ನು ಒಂದು ರೀತಿಯಲ್ಲಿ ಹಿಡಿದರೆ ಕಡ್ಡಿಗಳು ದಡದಡನೆ ಕುಸಿಯುತ್ತವೆ ಎಂದು ದೊಡ್ಡ ಗಲಾಟೆಯಾಯಿತು. ಆಂಟೆನಾದ ಲೋಹದ ಪಟ್ಟಿ ಫೋನಿನ ಹೊರಅಂಚಿನಲ್ಲೇ ಇದ್ದದ್ದು ಅದಕ್ಕೊಂದು ಕಾರಣ. ಆದರೆ ಜುಲೈ 2ರಂದು ಆಪಲ್ ಹೊರಡಿಸಿದ ಪತ್ರದಲ್ಲಿ ಇನ್ನೊಂದು ವಿಷಯವೂ ಇತ್ತು: ಕಡ್ಡಿಗಳನ್ನು ಲೆಕ್ಕಹಾಕುವ ಸೂತ್ರವೇ ತಪ್ಪಾಗಿದೆ, ಎಷ್ಟೋ ಸಲ ಇರಬೇಕಾದದ್ದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರುತ್ತಿದೆ. ಎರಡು ವಾರದೊಳಗೆ ಸೂತ್ರ ತಿದ್ದಿದ ಸಾಫ್ಟ್‌ವೇರ್ ಬಂತು. ಕಡ್ಡಿಯ ಲೆಕ್ಕವನ್ನು ಕೋಣೆಯಲ್ಲಿ ಕೂತು ಬದಲಿಸಬಹುದು ಎಂದು ಸಾಮಾನ್ಯ ಗ್ರಾಹಕರಿಗೆ ಗೊತ್ತಾದದ್ದು ಆಗ. ಎಲ್ಲರೂ ಓದಬಹುದಾದ ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಇವತ್ತಿಗೂ ಒಂದು ಆಯ್ಕೆಯಿದೆ. ನೆಟ್‌ವರ್ಕ್ ಕಂಪನಿ ಅದನ್ನು ಆನ್ ಮಾಡಿದರೆ ಫೋನ್ ಒಂದು ಕಡ್ಡಿ ಹೆಚ್ಚು ತೋರಿಸುತ್ತದೆ. ಮೂಲ ಕೋಡ್ ಬಹಿರಂಗವಾಗಿ ಇರುವುದರಿಂದಲೇ ಇದು ಬೆಳಕಿಗೆ ಬಂದದ್ದು.

ಈ ಉಬ್ಬರವನ್ನೆಲ್ಲ ಪಕ್ಕಕ್ಕಿಟ್ಟು ನೋಡಿದರೂ ಸಯ್ಯಾಜಿರಾವ್ ರಸ್ತೆಯ ಒಗಟು ಬಿಡಿಸಲಾಗದು. ಅಲ್ಲಿನ ಕಡ್ಡಿಗಳು ಸುಳ್ಳು ಹೇಳುತ್ತಿಲ್ಲ. ಟವರ್ ಹತ್ತಿರದಲ್ಲೇ ಇದೆ, ಅದರ ದನಿ ಸ್ಪಷ್ಟವಾಗಿ ಕೇಳುತ್ತಿದೆ. ಬೆಳಗಿನ ಜಾವ ಮೂರಕ್ಕೆ ರಸ್ತೆ ನಿರ್ಜನವಾಗಿದ್ದಾಗಲೂ ಅಷ್ಟೇ ಜೋರಾಗಿ ಕೇಳುತ್ತಿತ್ತು.

ಕರೆಗಳ ಕಾಲದಿಂದ ಬಂದ ಕಡ್ಡಿ

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು; ಕೋಲ್ಕತ್ತಾದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಜೊತೆ ಮಾತಾಡಿದರು. ಆ ಕಾಲದ ಫೋನಿಗೆ ಮಾತೇ ಮುಖ್ಯ ಕೆಲಸ. 2ಜಿಯಲ್ಲಿ ಒಂದು ತರಂಗವಾಹಕದ ಸಮಯವನ್ನು ಎಂಟು ಕಿರುಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ಕರೆಗೆ ಕೊಡುತ್ತಿದ್ದರು. ಪಾಲು ಸಿಕ್ಕರೆ ಮಾತು ಮುಗಿಯುವ ತನಕ ಅದು ನಿಮ್ಮದೇ. ಸಿಗದಿದ್ದರೆ 'ನೆಟ್‌ವರ್ಕ್ ಬ್ಯುಸಿ' ಎಂಬ ದನಿ ಕೇಳಿಸಿ ಕರೆ ಕಡಿದುಹೋಗುತ್ತಿತ್ತು. ಅರ್ಧಂಬರ್ಧ ಸಿಗುವುದು ಎಂಬುದೇ ಇರಲಿಲ್ಲ. ಹಾಗಾಗಿ ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತದೆ ಎಂದು ತಿಳಿದರೆ ಗ್ರಾಹಕರಿಗೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು.

ಆಮೇಲೆ ಫೋನಿನ ಕೆಲಸ ಬದಲಾಯಿತು, ಕಡ್ಡಿ ಬದಲಾಗಲಿಲ್ಲ. 2014ರಲ್ಲಿ ಒಬ್ಬ ಭಾರತೀಯ ಗ್ರಾಹಕ ತಿಂಗಳಿಗೆ ಸರಾಸರಿ ಬಳಸುತ್ತಿದ್ದ ಡೇಟಾ ಸುಮಾರು 62 ಎಂಬಿ. 2024ರ ಹೊತ್ತಿಗೆ ಅದು 20 ಜಿಬಿ ದಾಟಿತು, ಅಂದರೆ ಮುನ್ನೂರು ಪಟ್ಟಿಗೂ ಹೆಚ್ಚು. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಶುರುವಾದ ಮೇಲಿನ ದರಸಮರ ಅದಕ್ಕೆ ಮುಖ್ಯ ಕಾರಣ. ಈಗ ಗ್ರಾಹಕ ಕೇಳುವ ಪ್ರಶ್ನೆ ಬೇರೆ: ನನಗೆ ಎಷ್ಟು ಸಿಗುತ್ತದೆ? ಅದನ್ನು ಹೇಳುವ ಗುರುತು ಪರದೆಯ ಮೇಲೆ ಎಲ್ಲೂ ಇಲ್ಲ.

ಪಂಕ್ತಿಯಲ್ಲಿ ಬಡಿಸುವವರು

ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಂಡರೆ ಈ ಹಂಚಿಕೆ ಸುಲಭವಾಗಿ ಅರ್ಥವಾಗುತ್ತದೆ. ಸಾಂಬಾರಿನ ಬಕೆಟ್ಟು ಹಿಡಿದವರು ಸಾಲಿನ ನಡುವೆ ಕೂಗುತ್ತ ಬರುತ್ತಿದ್ದಾರೆ. ಅವರ ದನಿ ನಿಮಗೆ ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬುದು ಕಡ್ಡಿ. ನಿಮ್ಮ ಎಲೆಗೆ ಎಷ್ಟು ಸಾಂಬಾರ್ ಬಿತ್ತು ಎಂಬುದು ನೆಟ್. ದನಿ ಕಿವಿಯ ಪಕ್ಕದಲ್ಲೇ ಕೇಳುತ್ತಿರಬಹುದು. ಐವತ್ತು ಎಲೆಯ ಜಾಗದಲ್ಲಿ ಐನೂರು ಎಲೆ ಹಾಕಿದ್ದರೆ ನಿಮ್ಮ ಅನ್ನ ಒಣಗಿಯೇ ಇರುತ್ತದೆ.

ಟವರಿನಲ್ಲಿ ಬಡಿಸುವ ಕೆಲಸ ಮಾಡುವುದು ಶೆಡ್ಯೂಲರ್ ಎಂಬ ಪ್ರೋಗ್ರಾಮ್. ಸರದಿಗಾರ ಎಂದು ಕರೆಯೋಣ. 4ಜಿಯ ಸರದಿಗಾರ ಸೆಕೆಂಡಿಗೆ ಸಾವಿರ ಸಲ, ಪ್ರತಿ ಮಿಲಿಸೆಕೆಂಡಿಗೂ, ಈ ಸುತ್ತಿನಲ್ಲಿ ಯಾರಿಗೆ ಎಷ್ಟು ಎಂದು ಹೊಸದಾಗಿ ತೀರ್ಮಾನಿಸುತ್ತಾನೆ. ಅವನ ಬಳಿ ಇರುವ ತರಂಗಪಟ್ಟಿ 20 ಮೆಗಾಹರ್ಟ್ಸ್ ಅಗಲದ್ದಾದರೆ, ಅದನ್ನು ನೂರು ಸಮ ತುಣುಕುಗಳಾಗಿ ಸೀಳಲಾಗಿರುತ್ತದೆ. ಒಂದು ಸುತ್ತಿಗೆ ನೂರು ತುಣುಕು, ಸೆಕೆಂಡಿಗೆ ಸಾವಿರ ಸುತ್ತು, ಅಂದರೆ ಸೆಕೆಂಡಿಗೆ ಒಂದು ಲಕ್ಷ ಸೌಟು. ಕೇಳಲು ದೊಡ್ಡದಾಗಿದೆ, ಆದರೆ ಮಿತಿ ಅಷ್ಟೇ. ಜನ ಎಷ್ಟೇ ಬಂದರೂ ಒಂದು ಲಕ್ಷದ ಮೇಲೆ ಒಂದು ಸೌಟೂ ಹೆಚ್ಚಾಗದು.

ಇನ್ನು ಸೌಟಿನ ಅಳತೆಯ ವಿಷಯ. ಎಲ್ಲರಿಗೂ ಒಂದೇ ಸೌಟಾದರೂ ಒಂದೇ ಪ್ರಮಾಣ ಬೀಳುವುದಿಲ್ಲ. ಟವರಿನ ಮಾತು ಗದ್ದಲವಿಲ್ಲದೆ ಕೇಳುವ ಫೋನಿಗೆ ಒಂದು ತುಣುಕಿನಲ್ಲಿ ಮಾಹಿತಿಯನ್ನು ಒತ್ತಾಗಿ ತುಂಬಿ ಕೊಡಬಹುದು. ಗದ್ದಲದಲ್ಲಿರುವ ಫೋನಿಗೆ ಅದೇ ಮಾಹಿತಿಯನ್ನು ಬಿಡಿಸಿ ಬಿಡಿಸಿ, ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ ಕಳಿಸಬೇಕಾಗುತ್ತದೆ. ತನಗೆ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಎಂದು ಪ್ರತಿ ಫೋನೂ 1ರಿಂದ 15ರವರೆಗಿನ ಒಂದು ಅಂಕ ಕೊಟ್ಟು ಟವರಿಗೆ ವರದಿ ಮಾಡುತ್ತಲೇ ಇರುತ್ತದೆ. 4ಜಿಯ ಮೂಲ ಪಟ್ಟಿಯಲ್ಲಿ 15 ಅಂಕದ ಫೋನಿಗೆ ಒಂದು ತುಣುಕಿನಲ್ಲಿ ಹಿಡಿಸುವ ಮಾಹಿತಿ, 1 ಅಂಕದ ಫೋನಿಗೆ ಹಿಡಿಸುವುದರ ಸುಮಾರು 36 ಪಟ್ಟು! ಪಂಕ್ತಿಯ ಕೊನೆಯಲ್ಲಿ ಯಾರೋ ಬಾಳೆಲೆಯ ಬದಲು ಚಿಕ್ಕ ದೊನ್ನೆ ಹಿಡಿದು ಕೂತಂತೆ ಇದು. ಅವರಿಗೂ ಹೊಟ್ಟೆ ತುಂಬಬೇಕಾದರೆ ಬಡಿಸುವವರು ಹತ್ತಾರು ಸಲ ಹೋಗಿ ಬರಬೇಕು, ಅಷ್ಟು ಹೊತ್ತು ಉಳಿದ ಸಾಲು ಕಾಯಬೇಕು. ಟವರಿನ ಬುಡದಲ್ಲೇ ಇರುವವರ ವೇಗವೂ ಅಂಚಿನಲ್ಲಿರುವ ಇನ್ನೊಬ್ಬರಿಂದ ಕುಗ್ಗಲು ಕಾರಣ ಇದೇ.

ಹಾಗಾದರೆ ಸರದಿಗಾರ ಯಾರಿಗೆ ಮೊದಲು ಬಡಿಸಬೇಕು? ಚೆನ್ನಾಗಿ ಕೇಳುವವರಿಗೇ ಕೊಡುತ್ತ ಹೋದರೆ ಟವರಿನ ಒಟ್ಟು ವಿತರಣೆ ಗರಿಷ್ಠವಾಗುತ್ತದೆ, ಅಂಚಿನವರು ಉಪವಾಸ ಬೀಳುತ್ತಾರೆ. ಎಲ್ಲರಿಗೂ ಸಮ ಮಾಹಿತಿ ಎಂದು ಹೊರಟರೆ ದೊನ್ನೆಯವರೇ ಎಲ್ಲ ಸಮಯ ತಿಂದುಬಿಡುತ್ತಾರೆ. ಬಹಳಷ್ಟು ನೆಟ್‌ವರ್ಕ್‌ಗಳು ನಡುವಿನ ದಾರಿ ಹಿಡಿಯುತ್ತವೆ. ಈ ಕ್ಷಣ ಯಾರು ಎಷ್ಟು ಪಡೆಯಬಲ್ಲರು, ಇಲ್ಲಿಯವರೆಗೆ ಅವರಿಗೆ ಎಷ್ಟು ಸಿಕ್ಕಿದೆ ಎಂಬ ಎರಡನ್ನೂ ತೂಗಿ, ಕಡಿಮೆ ಸಿಕ್ಕವರನ್ನು ಅವರ ಒಳ್ಳೆಯ ಕ್ಷಣ ನೋಡಿ ಮುಂದಕ್ಕೆ ತರುವ ಲೆಕ್ಕಾಚಾರ ಅದು. ಮನುಷ್ಯರು ಶತಮಾನಗಳಿಂದ ಜಗಳವಾಡಿರುವ ನ್ಯಾಯದ ಪ್ರಶ್ನೆಯೊಂದನ್ನು ಊರಂಚಿನ ಕಂಬದ ಪೆಟ್ಟಿಗೆಯೊಂದು ಸೆಕೆಂಡಿಗೆ ಸಾವಿರ ಸಲ ಎದುರಿಸುತ್ತಿದೆ.

ಜನ ಸೇರಿದಾಗ ಏನಾಗುತ್ತದೆ ಎಂದು ನೋಡಲು ಒಂದು ಕಾಲ್ಪನಿಕ ಲೆಕ್ಕ ಸಾಕು. ಒಂದು ಟವರಿಗೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಮುಖ. ಒಂದು ಮುಖದಿಂದ, ಹತ್ತಿರದವರು ದೂರದವರು ಎಲ್ಲ ಸೇರಿ, ಸೆಕೆಂಡಿಗೆ 40 ಮೆಗಾಬಿಟ್ ಹೊರಡುತ್ತಿದೆ ಎನ್ನೋಣ. ಎಂಟು ಜನ ಒಟ್ಟಿಗೆ ವಿಡಿಯೊ ನೋಡಿದರೆ ತಲಾ 5 ಮೆಗಾಬಿಟ್, ಒಳ್ಳೆಯ ಗುಣಮಟ್ಟದ ಚಿತ್ರಕ್ಕೆ ಸಾಕು. ಅದೇ ಮುಖದೆದುರು ನಾನೂರು ಜನ ಏಕಕಾಲಕ್ಕೆ ಫೋನ್ ತೆಗೆದರೆ ತಲೆಗೆ ಬರುವುದು 0.1 ಮೆಗಾಬಿಟ್. ಕಡ್ಡಿ ಮಾತ್ರ ಎರಡೂ ಸಂದರ್ಭದಲ್ಲಿ ಫುಲ್.

ಇಂಥ ಗುಂಪಿನಲ್ಲೂ ಮಾಮೂಲಿ ಕರೆ ಎಷ್ಟೋ ಸಲ ಹೋಗುತ್ತದೆ. 4ಜಿ ಕರೆಗಳಿಗೆ ಸರದಿಗಾರ ಮೊದಲೇ ಜಾಗ ಕಾದಿರಿಸುತ್ತಾನೆ, ಮಿಕ್ಕ ಡೇಟಾ ಆಮೇಲೆ. ಕರೆಗೆ ಬೇಕಾದದ್ದಾದರೂ ಎಷ್ಟು? ಸೆಕೆಂಡಿಗೆ ಸುಮಾರು 24 ಕಿಲೋಬಿಟ್ ಇದ್ದರೆ ದನಿ ಸ್ಪಷ್ಟವಾಗಿ ಕೇಳುತ್ತದೆ. ವಾಟ್ಸ್ಯಾಪ್‌ನಲ್ಲಿ ಅಕ್ಷರದ ಸಂದೇಶ ದಾಟಿ, ಫೋಟೊ ಅರ್ಧದಲ್ಲಿ ನಿಲ್ಲುವುದೂ ಗಾತ್ರದ ಈ ಅಂತರದಿಂದಲೇ.

ಹದಿನೈದನೇ ಮಹಡಿಯ ತೊಂದರೆ

ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ದೂರು ಸಾಮಾನ್ಯ. ಕಿಟಕಿಯಾಚೆ ಊರಿಗೆ ಊರೇ ಕಾಣುತ್ತದೆ, ಎತ್ತ ನೋಡಿದರೂ ಟವರುಗಳು, ಕಡ್ಡಿ ತುಂಬಿ ತುಳುಕುತ್ತಿದೆ. ಆದರೂ ಆಫೀಸಿನ ವಿಡಿಯೊ ಮೀಟಿಂಗು ತಡವರಿಸುತ್ತದೆ. ಕೆಳಗೆ ಪಾರ್ಕಿಂಗ್ ಹತ್ತಿರ ಇಳಿದರೆ ಕಡ್ಡಿ ಕಡಿಮೆ, ನೆಟ್ ಸಲೀಸು!

2ಜಿ ಕಾಲದಲ್ಲಿ ಅಕ್ಕಪಕ್ಕದ ಟವರುಗಳಿಗೆ ಬೇರೆ ಬೇರೆ ತರಂಗಾಂತರ ಕೊಡುತ್ತಿದ್ದರು. ತರಂಗಾಂತರ ದುಬಾರಿ; 2022ರ 5ಜಿ ಹರಾಜಿನಲ್ಲಿ ಸರ್ಕಾರಕ್ಕೆ ಬಂದ ಬಿಡ್ಡುಗಳ ಮೊತ್ತ 1.5 ಲಕ್ಷ ಕೋಟಿ ರೂಪಾಯಿ. ಅಷ್ಟು ಕೊಟ್ಟು ಕೊಂಡದ್ದನ್ನು ಟವರಿಗಿಷ್ಟು ಎಂದು ಹರಿದು ಹಂಚುವ ಬದಲು, 4ಜಿ ಮತ್ತು 5ಜಿಯಲ್ಲಿ ಪ್ರತಿ ಟವರೂ ಇಡೀ ಪಟ್ಟಿಯನ್ನೇ ಬಳಸುತ್ತದೆ. ನೆಲಮಟ್ಟದಲ್ಲಿ ಇದು ನಡೆಯುತ್ತದೆ, ಏಕೆಂದರೆ ಕಟ್ಟಡಗಳು ದೂರದ ಟವರುಗಳನ್ನು ಮರೆಮಾಡುತ್ತವೆ. ಹದಿನೈದನೇ ಮಹಡಿಗೆ ಮರೆ ಎಂಬುದಿಲ್ಲ. ನಾಲ್ಕಾರು ಟವರುಗಳು ಒಂದೇ ತರಂಗಾಂತರದಲ್ಲಿ, ಹೆಚ್ಚುಕಡಿಮೆ ಒಂದೇ ಬಲದಲ್ಲಿ ಕೇಳಿಸುತ್ತವೆ. ನಿಮ್ಮ ಪಂಕ್ತಿಯವರ ದನಿ ಜೋರಾಗಿಯೇ ಇದೆ, ಪಕ್ಕದ ಐದು ಪಂಕ್ತಿಯವರ ದನಿಯೂ ಅಷ್ಟೇ ಜೋರು. ಯಾರು ನಿಮಗೆ ಏನು ಹೇಳಿದರೆಂದು ತಿಳಿಯದು. ಫೋನ್ ಆಗ ಕಡಿಮೆ ಅಂಕ ವರದಿ ಮಾಡುತ್ತದೆ, ಸೌಟಿನಲ್ಲಿ ಬೀಳುವುದೂ ಕಡಿಮೆಯಾಗುತ್ತದೆ. ದನಿಯ ಬಲಕ್ಕಿಂತ ದನಿ ಮತ್ತು ಗದ್ದಲದ ನಡುವಿನ ಅಂತರ ಮುಖ್ಯ ಎಂದು ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ 1948ರಲ್ಲೇ ಗಣಿತದಿಂದ ತೋರಿಸಿಕೊಟ್ಟಿದ್ದರು. ಫೋನಿನ ಮೂಲೆಯ ಕಡ್ಡಿಗಳಲ್ಲಿ ಆ ಅಂತರ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ.

ಹಿಂದಿರುಗುವ ದಾರಿ

ದಸರೆಯ ವಿಡಿಯೊ ಕಳಿಸುವವರಿಗೆ ಇನ್ನೂ ಒಂದು ಅಡ್ಡಿ ಇದೆ. ಅವರು ಮಾಹಿತಿ ಇಳಿಸಿಕೊಳ್ಳುತ್ತಿಲ್ಲ, ಏರಿಸುತ್ತಿದ್ದಾರೆ. ಟವರ್ ಹತ್ತಾರು ವ್ಯಾಟ್‌ಗಳಲ್ಲಿ ಕೂಗಬಲ್ಲದು. ಫೋನಿಗಿರುವ ಗರಿಷ್ಠ ಶಕ್ತಿ ಸಾಮಾನ್ಯವಾಗಿ ವ್ಯಾಟ್‌ನ ಐದನೇ ಒಂದು ಪಾಲು. ಟವರ್ ಹೇಳಿದ್ದು ಫೋನಿಗೆ ಚೆನ್ನಾಗಿ ಕೇಳುತ್ತದೆ, ಫೋನ್ ಹೇಳಿದ್ದು ಟವರಿಗೆ ಮುಟ್ಟುವುದು ಕಷ್ಟ. ಕಡ್ಡಿ ಅಳೆಯುವುದು ಮೊದಲನೆಯದನ್ನು ಮಾತ್ರ. ಮೇಲಾಗಿ 2300 ಮೆಗಾಹರ್ಟ್ಸ್‌ನ 4ಜಿ, 3300 ಮೆಗಾಹರ್ಟ್ಸ್‌ನ 5ಜಿ ಪಟ್ಟಿಗಳಲ್ಲಿ ಏರಿಕೆಗೂ ಇಳಿಕೆಗೂ ಒಂದೇ ತರಂಗಾಂತರವನ್ನು ಸರದಿಯಂತೆ ಬಳಸುತ್ತಾರೆ, ಹೆಚ್ಚಿನ ಕ್ಷಣಗಳು ಇಳಿಕೆಗೇ ಮೀಸಲು. ಜನ ಹೆಚ್ಚಾಗಿ ನೋಡುತ್ತಾರೆ, ಕಳಿಸುವುದು ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕ. ಜಾತ್ರೆ, ಪಂದ್ಯ, ಮೆರವಣಿಗೆಗಳಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ.

ಟವರಿನಿಂದಾಚೆಗೆ ಇನ್ನೊಂದು ಇಕ್ಕಟ್ಟಿದೆ. ಬಡಿಸುವವರು ಎಷ್ಟೇ ಚುರುಕಾಗಿದ್ದರೂ ಅಡುಗೆಮನೆಯಿಂದ ಪಾತ್ರೆ ಬರಬೇಕಲ್ಲ. ನಗರದ ಟವರುಗಳಿಗೆ ಫೈಬರ್ ಕೇಬಲ್ಲಿನ ಸಂಪರ್ಕ ಇರುವುದು ಹೆಚ್ಚು. ಕಾಡು, ಕಣಿವೆ ದಾಟಬೇಕಾದ ಕಡೆ ಒಂದು ಟವರಿನಿಂದ ಇನ್ನೊಂದಕ್ಕೆ ಗುರಿಯಿಟ್ಟ ಮೈಕ್ರೋವೇವ್ ತಟ್ಟೆಗಳೇ ಗತಿ. ಹಲವು ಟವರುಗಳು ಇಂಥ ಒಂದೇ ಕೊಂಡಿಗೆ ಜೋತುಬಿದ್ದಿದ್ದರೆ ಎಲ್ಲದರ ನೆಟ್ಟೂ ಒಟ್ಟಿಗೇ ನಿಧಾನವಾಗುತ್ತದೆ. ಎಲ್ಲದರ ಕಡ್ಡಿಯೂ ಹಾಗೇ ಇರುತ್ತದೆ.

ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಕೆಲವೊಮ್ಮೆ ನೆಟ್ ಬರುವುದಕ್ಕೂ ಇಲ್ಲೇ ವಿವರಣೆಯಿದೆ. ಫೋನ್ ಹೊಸದಾಗಿ ಟವರ್ ಹುಡುಕುವಾಗ ಬೇರೆ ಮುಖಕ್ಕೋ ಬೇರೆ ತರಂಗಪಟ್ಟಿಗೋ ಸೇರಿಕೊಂಡರೆ, ಜನ ಕಡಿಮೆಯಿರುವ ಪಂಕ್ತಿ ಸಿಕ್ಕಿತೆಂದೇ ಅರ್ಥ. ಹಾಗೆಯೇ ಬೇಕೆಂದೇ ಸ್ಪೀಡ್ ಇಳಿಸುತ್ತಾರೆ ಎಂಬ ಅನುಮಾನದಲ್ಲೂ ಒಂದು ಪಾಲು ನಿಜವಿದೆ: ದಿನದ ಕೋಟಾ ಮುಗಿದ ಮೇಲೆ ವೇಗವನ್ನು 64 ಕಿಲೋಬಿಟ್‌ಗೆ ಇಳಿಸುವುದು ಎಷ್ಟೋ ಪ್ಲಾನ್‌ಗಳ ಷರತ್ತಿನಲ್ಲೇ ಬರೆದಿರುತ್ತದೆ.

'5ಜಿ' ಎಂದು ಕಂಡ ಮಾತ್ರಕ್ಕೆ

2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಉದ್ಘಾಟನೆಯಾಯಿತು. ಕಡ್ಡಿಯ ಪಕ್ಕದ ಈ ಅಕ್ಷರವೂ ಜನ ನಂಬುವಷ್ಟನ್ನು ಹೇಳುವುದಿಲ್ಲ. ಏರ್‌ಟೆಲ್ ಮೊದಲು ಹಿಡಿದ ವಿಧಾನದಲ್ಲಿ 5ಜಿ ತನ್ನ ಕಾಲಮೇಲೆ ತಾನು ನಿಲ್ಲುವುದಿಲ್ಲ. ಫೋನ್ ಮೊದಲು 4ಜಿ ಟವರಿಗೆ ಸೇರಿ, ಡೇಟಾ ಹೆಚ್ಚಾಗಿ ಬೇಕಾದಾಗ 5ಜಿಯನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ. ಜಿಯೊ ಪೂರ್ತಿ ಪ್ರತ್ಯೇಕ 5ಜಿ ಜಾಲವನ್ನೇ ಕಟ್ಟಿತು. ಮೊದಲ ಬಗೆಯಲ್ಲಿ, ಈ 4ಜಿ ಟವರಿಗೆ 5ಜಿಯ ಜೋಡಿ ಇದೆ ಎಂಬ ಪ್ರಕಟಣೆ ಕೇಳಿದ ಕೂಡಲೇ ಪರದೆಯಲ್ಲಿ 5ಜಿ ಎಂದು ತೋರಿಸಲು ಅವಕಾಶವಿದೆ. ಆ ಕ್ಷಣ ಫೋನಿನ ಮಾಹಿತಿಯೆಲ್ಲ 4ಜಿಯಲ್ಲೇ ಹರಿಯುತ್ತಿರಬಹುದು. ಯಾವ ಹಂತದಲ್ಲಿ ಅಕ್ಷರ ಮೂಡಬೇಕೆಂಬುದು, ಕಡ್ಡಿಯಂತೆಯೇ, ಕಂಪನಿಗಳ ಆಯ್ಕೆ.

ಬಣ್ಣ ಬಳಿದ ನಕ್ಷೆ

ಇಲ್ಲಿಯವರೆಗಿನದು ಒಂದು ಫೋನಿನ ಕಥೆ. ಇದೇ ತೊಡಕು ಇಡೀ ದೇಶದ ನಕ್ಷೆಗೆ ಹಬ್ಬಿದಾಗ ಸರ್ಕಾರದ ಹಣ ಎಲ್ಲಿಗೆ ಹರಿಯಬೇಕೆಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಅಮೆರಿಕದಲ್ಲಿ ಹಳ್ಳಿಗಾಡಿಗೆ 4ಜಿ ಒಯ್ಯಲು ಕೊಡುವ ಅನುದಾನಕ್ಕೆ, ಎಲ್ಲಿ ಸೇವೆ ಈಗಾಗಲೇ ಇದೆ ಎಂದು ಕಂಪನಿಗಳೇ ನಕ್ಷೆ ಕೊಟ್ಟಿದ್ದವು. ಬಣ್ಣ ಬಳಿದ ಊರಿಗೆ ಅನುದಾನವಿಲ್ಲ. ವರ್ಮಾಂಟ್ ಎಂಬ ಗುಡ್ಡಗಾಡಿನ ಪುಟ್ಟ ರಾಜ್ಯ ಇದನ್ನು ಪ್ರಶ್ನಿಸಿತು. 2018ರಲ್ಲಿ ಅಲ್ಲಿನ ಸಾರ್ವಜನಿಕ ಸೇವಾ ಇಲಾಖೆಯ ಒಬ್ಬ ನೌಕರರು ಬೇರೆ ಬೇರೆ ಕಂಪನಿಗಳ ಆರು ಫೋನುಗಳನ್ನು ಕಾರಿನ ಪಕ್ಕದ ಸೀಟಿನಲ್ಲಿಟ್ಟುಕೊಂಡು, ಅವು ಒಂದೇ ಸಮನೆ ವೇಗ ಅಳೆಯುತ್ತಿರುವಂತೆ ಮಾಡಿ, ಸುಮಾರು 6,000 ಮೈಲಿ ಸುತ್ತಿದರು. ಒಬ್ಬ ಸರ್ಕಾರಿ ನೌಕರ ಇಷ್ಟು ಸರಳ ಉಪಕರಣದಿಂದ ಇಷ್ಟು ದೊಡ್ಡ ಕಂಪನಿಗಳ ನಕ್ಷೆಯನ್ನು ಪರೀಕ್ಷೆಗೊಡ್ಡಿದ್ದು ಮೆಚ್ಚಬೇಕಾದ ಕೆಲಸ. ಬೇರೆ ರಾಜ್ಯಗಳಿಂದಲೂ ಆಕ್ಷೇಪಗಳು ಬಂದವು. ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ತಾನೇ ಪರೀಕ್ಷೆಗೆ ಇಳಿಯಿತು. ವೆರೈಝನ್, ಟಿ‑ಮೊಬೈಲ್, ಯುಎಸ್ ಸೆಲ್ಯುಲರ್ ಕೊಟ್ಟ ನಕ್ಷೆಗಳು ವ್ಯಾಪ್ತಿಯನ್ನು ಬಹುಶಃ ಉಬ್ಬಿಸಿ ತೋರಿಸಿವೆ ಎಂದು ಅದರ ಸಿಬ್ಬಂದಿ 2019ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ನಕ್ಷೆ ಭರವಸೆ ಕೊಟ್ಟ ಕನಿಷ್ಠ 5 ಮೆಗಾಬಿಟ್ ವೇಗ, ರಸ್ತೆಯ ಮೇಲಿನ ಪರೀಕ್ಷೆಗಳಲ್ಲಿ ಸಿಕ್ಕಿದ್ದು ಶೇ. 62ರಷ್ಟು ಸಲ ಮಾತ್ರ.

ಕರ್ನಾಟಕದಲ್ಲೂ ನಕ್ಷೆಗೂ ನೆಲಕ್ಕೂ ಇರುವ ದೂರ ಕೋವಿಡ್ ದಿನಗಳಲ್ಲಿ ಕಣ್ಣಿಗೆ ಹೊಡೆಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಹುಡುಗಿಯೊಬ್ಬಳು ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆ ಚಿತ್ರ ದೇಶದ ತುಂಬ ಓಡಾಡಿತು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಫಲಕಗಳು ಎದ್ದವು. ಈ ಊರುಗಳ ಸಮಸ್ಯೆ ಸಯ್ಯಾಜಿರಾವ್ ರಸ್ತೆಯದ್ದಕ್ಕಿಂತ ಬೇರೆ. ಇಲ್ಲಿ ಪಂಕ್ತಿಯೇ ಹಾಕಿಲ್ಲ. ಎರಡಕ್ಕೂ 'ನೆಟ್‌ವರ್ಕ್ ಸಮಸ್ಯೆ' ಎಂಬ ಒಂದೇ ಹೆಸರು ಕೊಟ್ಟು ಒಂದೇ ಪರಿಹಾರ ಹುಡುಕುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ಒಂದು ಕಡೆ ಹೊಸ ಟವರೇ ಬೇಕು. ಇನ್ನೊಂದು ಕಡೆ ಇರುವ ಟವರಿಗೆ ಹೆಚ್ಚಿನ ತರಂಗಪಟ್ಟಿ, ದಪ್ಪನೆಯ ಫೈಬರ್, ಇಲ್ಲವೇ ಜಾತ್ರೆಯ ದಿನಗಳಿಗೆ ಲಾರಿಯ ಮೇಲೆ ಬಂದು ನಿಲ್ಲುವ ಸಂಚಾರಿ ಟವರ್ ಬೇಕು.

ಎಲ್ಲರ ಮುಂದಿರುವ ಅಂಕಿಗಳು

ಸಂತೋಷದ ವಿಷಯವೆಂದರೆ ಇಂಥ ವಾದಗಳಿಗೆ ಬೇಕಾದ ದತ್ತಾಂಶದ ಒಂದು ಭಾಗ ಈಗಾಗಲೇ ಮುಕ್ತವಾಗಿದೆ. ಭಾರತ ಸರ್ಕಾರ 2012ರಲ್ಲಿ ಮುಕ್ತ ದತ್ತಾಂಶ ನೀತಿ ತಂದು, ಡೇಟಾ.ಗವ್.ಇನ್ ತಾಣ ತೆರೆಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲಿ 'ಮೈಸ್ಪೀಡ್' ಆ್ಯಪ್ ಬಿಟ್ಟಿತು. ಸಾಮಾನ್ಯ ಗ್ರಾಹಕರು ಅದರಲ್ಲಿ ಮಾಡಿದ ಪರೀಕ್ಷೆಗಳ ಅಂಕಿಗಳನ್ನು ಅದೇ ತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಂಪನಿ, 4ಜಿಯೋ ಬೇರೆಯೋ, ಇಳಿಕೆಯೋ ಏರಿಕೆಯೋ, ವೇಗ ಎಷ್ಟು, ಸಿಗ್ನಲ್ ಬಲ ಎಷ್ಟು, ಯಾವ ಸೇವಾವಲಯ, ಎಲ್ಲ ಸಾಲುಸಾಲಾಗಿ ಇವೆ. ವೇಗ ಮತ್ತು ಸಿಗ್ನಲ್ ಬಲ ಅಕ್ಕಪಕ್ಕದ ಎರಡು ಕಂಬಸಾಲುಗಳಲ್ಲಿ ಇರುವುದೇ ಇದರ ದೊಡ್ಡ ಲಾಭ. ಎರಡನ್ನೂ ಒಂದು ಗ್ರಾಫಿನ ಮೇಲೆ ಚುಕ್ಕಿಯಿಟ್ಟು ನೋಡುವುದು ಕಾಲೇಜು ವಿದ್ಯಾರ್ಥಿಗೆ ಒಂದು ಸಂಜೆಯ ಕೆಲಸ. ಆದರೆ ಸ್ಥಳ ಕೇವಲ 'ಕರ್ನಾಟಕ' ಎಂದಷ್ಟೇ ಇರುವುದರಿಂದ ಇದರಲ್ಲಿ ಸುಳ್ಯವೂ ಸಯ್ಯಾಜಿರಾವ್ ರಸ್ತೆಯೂ ಒಂದೇ.

ಸ್ಥಳ ಬೇಕಾದವರಿಗೆ ಊಕ್ಲಾ ಸಂಸ್ಥೆಯ ದತ್ತಾಂಶವಿದೆ. ತನ್ನ ಸ್ಪೀಡ್‌ಟೆಸ್ಟ್ ಆ್ಯಪ್‌ನ ಫಲಿತಾಂಶಗಳನ್ನು ಆ ಸಂಸ್ಥೆ ಜಗತ್ತಿನಾದ್ಯಂತ ಸುಮಾರು 600 ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಮೂರು ತಿಂಗಳಿಗೊಮ್ಮೆ ಉಚಿತವಾಗಿ ಹಂಚುತ್ತದೆ. 2019ರಿಂದ ಈಚೆಗಿನ ಅಂಕಿಗಳಿವೆ. ನಿಮ್ಮ ಬಡಾವಣೆಯ ಚೌಕದಲ್ಲಿ ಸರಾಸರಿ ವೇಗ ಎಷ್ಟು, ಎಷ್ಟು ಪರೀಕ್ಷೆಗಳಾದವು ಎಂದು ಕಾಣುತ್ತದೆ. ಕಂಪನಿಯ ಹೆಸರಿಲ್ಲ, ಗಂಟೆಯ ಲೆಕ್ಕವೂ ಇಲ್ಲ. ರಾತ್ರಿ ಎಂಟೂವರೆ ಮತ್ತು ಬೆಳಗಿನ ಮೂರು ಒಂದೇ ಸರಾಸರಿಯಲ್ಲಿ ಕರಗಿಹೋಗಿವೆ.

2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿ, ಅದೇ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗುಣಮಟ್ಟದ ನಿಯಮಗಳು ಒಂದು ಹೆಜ್ಜೆ ಮುಂದೆ ಹೋದವು. 2ಜಿ, 4ಜಿ, 5ಜಿ ಎಂದು ತಂತ್ರಜ್ಞಾನವಾರು ವ್ಯಾಪ್ತಿ ನಕ್ಷೆಯನ್ನು ಪ್ರತಿ ಕಂಪನಿಯೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಸಿಮ್ ಕೊಳ್ಳುವ ಮುಂಚೆ ತಮ್ಮೂರು ಬಣ್ಣದೊಳಗಿದೆಯೋ ಹೊರಗಿದೆಯೋ ಎಂದು ಜನ ನೋಡಬಹುದು. ಮಲೆನಾಡಿನ ಪಂಚಾಯಿತಿಯ ಕೈಗೆ ಇದೊಂದು ದಾಖಲೆ: ಬಣ್ಣವಿರುವಲ್ಲಿ ಸಿಗ್ನಲ್ ಇಲ್ಲವೆಂದು ಫೋನಿನ ಡಿಬಿಎಂ ಅಂಕಿ ತೋರಿಸಿ ಕೇಳಬಹುದು.

ನಗರದವರಿಗೆ ಇದು ಸಾಲದು, ಏಕೆಂದರೆ ವ್ಯಾಪ್ತಿ ನಕ್ಷೆ ಅಂದರೆ ಕಡ್ಡಿಗಳದ್ದೇ ನಕ್ಷೆ. ಟವರಿನ ದನಿ ಎಲ್ಲೆಲ್ಲಿ ಕೇಳುತ್ತದೆ ಎಂದು ಅದು ಹೇಳುತ್ತದೆ, ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದಿವೆ ಎಂದು ಹೇಳುವುದಿಲ್ಲ. ಆ ಲೆಕ್ಕ ಇಲ್ಲದೇ ಇಲ್ಲ. ಪ್ರತಿ ಟವರಿನ ಪ್ರತಿ ಮುಖದಲ್ಲೂ ತುಣುಕುಗಳಲ್ಲಿ ಶೇಕಡಾ ಎಷ್ಟು ಖರ್ಚಾಯಿತು ಎಂಬುದನ್ನು ಉಪಕರಣಗಳೇ ದಿನವಿಡೀ ದಾಖಲಿಸುತ್ತವೆ. ಕಂಪನಿಯ ಎಂಜಿನಿಯರ್‌ಗಳು ಅದನ್ನು ನೋಡಿಯೇ ಎಲ್ಲಿ ಹೊಸ ಟವರ್ ಬೇಕೆಂದು ಯೋಜಿಸುತ್ತಾರೆ. ಗ್ರಾಹಕರ ಯಾವ ಖಾಸಗಿ ವಿವರವೂ ಅದರಲ್ಲಿ ಬೇಕಿಲ್ಲ. ಬಡಾವಣೆವಾರು, ಗಂಟೆವಾರು ಈ ಭರ್ತಿಯ ಪ್ರಮಾಣ ಸಾರ್ವಜನಿಕವಾದರೆ, ಪೋರ್ಟ್ ಮಾಡಿಸಬೇಕೆ ಬೇಡವೇ ಎಂಬ ಹಜಾರದ ಚರ್ಚೆಗೂ, ತಮ್ಮ ವಾರ್ಡಿಗೆ ಟವರ್ ಬೇಕೇ ಎಂಬ ನಿವಾಸಿಗಳ ಸಂಘದ ಸಭೆಗೂ ಗಟ್ಟಿ ಆಧಾರ ಸಿಗುತ್ತದೆ. ಮುಕ್ತ ದತ್ತಾಂಶದ ಮುಂದಿನ ಬೇಡಿಕೆ ಇದೇ ಆಗಬೇಕು.

ಅಲ್ಲಿಯವರೆಗೆ ಇರುವ ಉಪಾಯ ಒಂದು. ಮನೆಯ ಒಂದೇ ಜಾಗದಲ್ಲಿ ನಿಂತು ಬೆಳಗಿನ ಐದಕ್ಕೊಮ್ಮೆ, ರಾತ್ರಿ ಎಂಟೂವರೆಗೊಮ್ಮೆ ಡಿಬಿಎಂ ಅಂಕಿಯನ್ನೂ ವೇಗವನ್ನೂ ಬರೆದಿಟ್ಟುಕೊಳ್ಳುವುದು. ಅಂಕಿ ಹೆಚ್ಚುಕಡಿಮೆ ಅಷ್ಟೇ ಇದ್ದು ವೇಗ ಮಾತ್ರ ರಾತ್ರಿ ಕುಸಿದರೆ ಫೋನನ್ನೂ ಸಿಮ್ಮನ್ನೂ ದೂರಿ ಫಲವಿಲ್ಲ, ಆ ಟವರಿನ ಪಾಲುದಾರರು ಹೆಚ್ಚಾಗಿದ್ದಾರೆ. ಕಂಪನಿಗೆ ದೂರು ಬರೆಯುವಾಗ ಈ ನಾಲ್ಕು ಸಂಖ್ಯೆಗಳನ್ನು ಗಂಟೆಯ ಸಮೇತ ಸೇರಿಸಬಹುದು. ಎರಡೂ ಹೊತ್ತು ವೇಗ ಕಡಿಮೆಯಿದ್ದು ಅಂಕಿ ‑80ರ ಆಸುಪಾಸಿನಲ್ಲಿದ್ದರೆ ಗದ್ದಲವೋ, ಟವರಿನ ಹಿಂದಿನ ಕೊಂಡಿಯೋ ಕಾರಣ ಇರಬಹುದು. ಒಂದು ಮಹಡಿ ಕೆಳಗಿಳಿದೋ ಕಟ್ಟಡದ ಇನ್ನೊಂದು ಬದಿಗೆ ಹೋಗಿಯೋ ಅಳೆದು ನೋಡಬೇಕು. ಅಂಕಿಯೇ ‑115ರ ಆಚೆ ಇದ್ದರೆ ಗೋಡೆ, ಗುಡ್ಡ ಅಥವಾ ದೂರ ಅಡ್ಡ ಬಂದಿದೆ. ಅಂಥಲ್ಲಿ ಮನೆಗೆ ಫೈಬರ್ ಸಂಪರ್ಕ ಸಿಗುವಂತಿದ್ದರೆ ಅದರ ವೈಫೈ ಮೂಲಕವೇ ಕರೆ ಮಾಡುವ ಸೌಲಭ್ಯವನ್ನು ಈಗಿನ ಬಹಳಷ್ಟು ಫೋನುಗಳು ಕೊಡುತ್ತವೆ, ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿದರೆ ಆಯಿತು.